ಅಮ್ಮಿಯ ಸರದಿ

ದುಬೈಯಿಂದ ಬಂದವರನ್ನು ನಮ್ಮ ಶಿಡ್ಲಘಟ್ಟದಲ್ಲಿ ಜನ ಕೇಳುವುದು ಎರಡೇ ಪ್ರಶ್ನೆ. ಚಿನ್ನ ಎಷ್ಟು ತಂದಿರಿ? ಬುರ್ಜ್ ಖಲೀಫಾ ನೋಡಿದಿರಾ? 2018ರ ಜನವರಿಯಲ್ಲಿ ತಮ್ಮನ ಮನೆಯಲ್ಲಿ ಹತ್ತು ದಿನವಿದ್ದು ಬಂದಾಗ ನೆರೆಮನೆಯ ಹೆಂಗಸರು ನನ್ನ ಅಮ್ಮಿಯನ್ನೂ ಇದನ್ನೇ ಕೇಳಿದರು. ಅಮ್ಮಿ ಎರಡಕ್ಕೂ ಉತ್ತರ ಕೊಡಲಿಲ್ಲ. "ಅಲ್ಲಿ ಒಂದು ರಾಟೆ ಇದೆ. ನಾನು ಅದರಲ್ಲಿ ಕೂತೆ. ಅದು ತಾನಾಗಿಯೇ ತಿರುಗಿತು" ಎಂದರು. ಕೇಳಿದವರು ನಕ್ಕರು. ನನಗೆ ನಗು ಬರಲಿಲ್ಲ. ಏಕೆಂದು ಹೇಳುತ್ತೇನೆ ಸಹೋದರಿಯರೇ, ಸ್ವಲ್ಪ ಸಮಾಧಾನದಿಂದ ಓದಿ.

ಶಿಡ್ಲಘಟ್ಟವೆಂದರೆ ರೇಷ್ಮೆ. ರಾಮನಗರದಂತೆ ನಮ್ಮೂರಿನ ಗೂಡಿನ ಮಾರುಕಟ್ಟೆಯೂ ದೊಡ್ಡದು. ಗೂಡು ಬೆಳೆಯುವವರು ಸುತ್ತಲಿನ ಹಳ್ಳಿಗಳ ರೈತರು. ಆ ಗೂಡಿನಿಂದ ನೂಲು ಬಿಚ್ಚುವವರಲ್ಲಿ ಹೆಚ್ಚಿನವರು ನಮ್ಮ ಮುಸ್ಲಿಮ್ ಕುಟುಂಬಗಳವರು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಎಳೆಯ ತುದಿ ಹುಡುಕಿ, ಹಲವು ಎಳೆಗಳನ್ನು ಕೂಡಿಸಿ ಚರಕಕ್ಕೆ ಸುತ್ತಬೇಕು. ಒಂದೊಂದು ಗೂಡಿನಲ್ಲೂ ನೂರಾರು ಮೀಟರ್ ಎಳೆ ಇರುತ್ತದೆ. ಹಳೆಯ ಚರಕಕ್ಕೆ ಇಬ್ಬರು ಬೇಕಿತ್ತು. ಒಬ್ಬರು ಬಿಸಿನೀರಿನ ಮುಂದೆ ಕೂತು ಎಳೆ ಕೊಡುವವರು, ಇನ್ನೊಬ್ಬರು ರಾಟೆ ತಿರುಗಿಸುವವರು. ತಿರುಗಿಸುವ ಕೆಲಸಕ್ಕೆ ಸಾಮಾನ್ಯವಾಗಿ ಮಕ್ಕಳು.

ಅಮ್ಮಿ ಏಳನೇ ವಯಸ್ಸಿಗೆ ರಾಟೆ ತಿರುಗಿಸಲು ಕೂತವರು. ಬೆಳಿಗ್ಗೆ ಫಜ್ರ್ ನಂತರ ಶುರುವಾದರೆ ಅಸರ್ ತನಕ. ನಿಲ್ಲಿಸಿದರೆ ಎಳೆ ತುಂಡಾಗುತ್ತದೆ, ಎಳೆ ತುಂಡಾದರೆ ಬೈಗುಳ. ಮದುವೆಯಾದ ಮೇಲೆ ರಾಟೆಯಿಂದ ಬಿಸಿನೀರಿಗೆ ಬಡ್ತಿ. ನಾವು ಮಕ್ಕಳು ಕಂಡದ್ದು ಅಮ್ಮಿಯ ಆ ಕೈಗಳನ್ನೇ. ನೀರಿನಲ್ಲಿ ನೆನೆದು ಬಿಳಿಚಿ, ಬಿರುಕು ಬಿಟ್ಟ ಬೆರಳುಗಳು. ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಮಲಗುತ್ತಿದ್ದರು. ಐವತ್ತು ದಾಟುವ ಹೊತ್ತಿಗೆ ಉಬ್ಬಸ ಜೊತೆಯಾಯಿತು. ಆ ಹಬೆ, ಬೆಂದ ಹುಳುವಿನ ಆ ವಾಸನೆ ಎದೆಯಲ್ಲಿ ಕೂತುಬಿಟ್ಟಿತ್ತು. ಆ ಕೈಗಳ ದುಡಿಮೆಯಿಂದಲೇ ನಾನು ಮದ್ರಸದಲ್ಲಿ ಓದಿದೆ, ಆಮೇಲೆ ಮನೆಯಲ್ಲೇ ಓದಿಕೊಂಡು ಬಿ.ಎ. ಪಾಸಾದೆ, ಶಿಕ್ಷಕಿಯಾದೆ. ತಮ್ಮ ಡಿಪ್ಲೊಮಾ ಮುಗಿಸಿ ದುಬೈಯಲ್ಲಿ ಕೆಲಸ ಹಿಡಿದ.

2008ರಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾದ ಮೇಲೆ ನಮ್ಮ ಕಡೆಯ ಆಕಾಶದಲ್ಲಿ ವಿಮಾನಗಳ ಓಡಾಟ ಹೆಚ್ಚಾಯಿತು. ಅಂಗಳದಲ್ಲಿ ಬಟ್ಟೆ ಒಣಹಾಕುತ್ತಾ ಅಮ್ಮಿ ತಲೆಯೆತ್ತಿ ನೋಡುತ್ತಿದ್ದರು. ಹತ್ತು ವರ್ಷದ ನಂತರ ತಮ್ಮ ಟಿಕೆಟ್ ಕಳಿಸಿದ. ಅಮ್ಮಿ, ನಾನು, ಹದಿಮೂರರ ನನ್ನ ಮಗಳು ಹೊರಟೆವು.

ತಮ್ಮ ಒಂದು ಶುಕ್ರವಾರ ಸಂಜೆ ಹೇಳಿದ, "ಆಪಾ, ನಾಳೆ ಅಬುಧಾಬಿಗೆ ಹೋಗೋಣ. ಫೆರಾರಿ ವರ್ಲ್ಡ್." ಅದೇನೆಂದು ನನಗೆ ಗೊತ್ತಿರಲಿಲ್ಲ. ಮಗಳಿಗೆ ಗೊತ್ತಿತ್ತು. ಅವಳು ಕುಣಿದಳು. ನಾನು ಕೇಳಿದೆ, "ಟಿಕೆಟ್ ಎಷ್ಟು?" ತಮ್ಮ ಹೇಳಿದ ಮೊತ್ತ ಕೇಳಿ ನನ್ನ ಬಾಯಿ ಒಣಗಿತು. ತರಗತಿಯಲ್ಲಿ ಮಕ್ಕಳಿಗೆ ದುಂದುವೆಚ್ಚದ ಬಗ್ಗೆ ಪಾಠ ಹೇಳುವವಳು ನಾನು. "ಆಟಕ್ಕೆ ಇಷ್ಟೊಂದೇ? ಬೇಡ" ಎಂದೆ. ಅಮ್ಮಿ ಇನ್ನೂ ಮುಂದೆ ಹೋಗಿ ಲೆಕ್ಕ ಹಾಕಿದರು, "ಇಷ್ಟು ದುಡ್ಡಿಗೆ ಎಷ್ಟು ಕಿಲೋ ಗೂಡು ಬರುತ್ತದೆ ಗೊತ್ತಾ?" ತಮ್ಮ ಮಾತಾಡಲಿಲ್ಲ. ಆನ್‌ಲೈನಿನಲ್ಲಿ ಟಿಕೆಟ್ ಮೊದಲೇ ಕೊಂಡಾಗಿತ್ತು. ಮರಳಿಸಿದರೂ ಹಣ ಬರುವುದಿಲ್ಲವೆಂದ. ದುಂದುವೆಚ್ಚದ ವಿರುದ್ಧ ಇದ್ದ ನಾವಿಬ್ಬರೂ ದುಡ್ಡು ದಂಡವಾಗಬಾರದೆಂದು ಹೊರಟೆವು!

ದುಬೈಯಿಂದ ಅಬುಧಾಬಿಯ ಯಾಸ್ ದ್ವೀಪಕ್ಕೆ ಕಾರಿನಲ್ಲಿ ಒಂದು ಗಂಟೆಯ ಮೇಲಾಯಿತು. ದೂರದಿಂದಲೇ ಕೆಂಪು ಛಾವಣಿ ಕಾಣುತ್ತದೆ. ಬಿಸಿಲಿನ ಆ ನಾಡಿನಲ್ಲಿ ಹೆಚ್ಚಿನ ಆಟಗಳನ್ನೆಲ್ಲ ಆ ಒಂದೇ ಛಾವಣಿಯ ಅಡಿಯಲ್ಲಿ, ತಂಪಿನಲ್ಲಿ ಕೂರಿಸಿದ್ದಾರೆ. 2010ರಲ್ಲಿ ಅದು ಶುರುವಾದಾಗ ಅಲ್ಲಿನ ಒಂದು ರೋಲರ್ ಕೋಸ್ಟರ್ ಜಗತ್ತಿನಲ್ಲೇ ಅತಿ ವೇಗದ್ದಾಗಿತ್ತು. ಫಾರ್ಮುಲಾ ರೊಸ್ಸಾ ಎಂದು ಹೆಸರು. ಐದು ಸೆಕೆಂಡಿನೊಳಗೆ ಗಂಟೆಗೆ 240 ಕಿಲೋಮೀಟರ್ ವೇಗ ಮುಟ್ಟುತ್ತದೆ, 52 ಮೀಟರ್ ಎತ್ತರಕ್ಕೆ ಏರುತ್ತದೆ. ಹೊರಗೆ ಬಯಲಿನಲ್ಲಿ ಓಡುವುದರಿಂದ ಮರಳು ಕಣ್ಣಿಗೆ ಬೀಳದಂತೆ ಕೂರುವವರಿಗೆಲ್ಲ ಕನ್ನಡಕ ಕೊಡುತ್ತಾರೆ. ಆ ವೇಗದಲ್ಲಿ ಹೋದರೆ ಚಿಕ್ಕಬಳ್ಳಾಪುರದಿಂದ ಶಿಡ್ಲಘಟ್ಟಕ್ಕೆ ಐದೇ ನಿಮಿಷ! ನಮ್ಮ ಬಸ್ಸು ಅರ್ಧ ಗಂಟೆಯ ಮೇಲೆ ತೆಗೆದುಕೊಳ್ಳುತ್ತದೆ, ಅದೂ ದಾರಿಯಲ್ಲಿ ಎಲ್ಲೂ ನಿಲ್ಲದಿದ್ದರೆ.

ಮಗಳಿಗೆ ಅದರಲ್ಲಿ ಕೂರುವ ಆಸೆ. ನನ್ನ ಬಾಯಿಂದ ಥಟ್ಟನೆ ಬಂದದ್ದು, "ಹೆಣ್ಣು ಮಗು, ಅದೆಲ್ಲ ಬೇಡ. ಕಿರುಚುತ್ತೀಯಾ, ಜನ ನೋಡುತ್ತಾರೆ." ಮಗಳು ತಿರುಗಿ ಜವಾಬು ಹೇಳಲಿಲ್ಲ. ಮುಂದಿನ ಸಾಲನ್ನು ತೋರಿಸಿದಳು, ಅಷ್ಟೆ. ಕಪ್ಪು ಅಬಾಯ ಧರಿಸಿದ ಅರಬ್ ಹುಡುಗಿಯರು, ಅವರ ತಾಯಂದಿರು, ಕೇರಳದ ಒಂದು ಕುಟುಂಬ, ಎಲ್ಲರೂ ನಗುತ್ತಾ ತಮ್ಮ ಸರದಿಗಾಗಿ ನಿಂತಿದ್ದರು. ಯಾರೂ ಯಾರನ್ನೂ ನೋಡುತ್ತಿರಲಿಲ್ಲ. ನೋಡುವ ಜನ ಎಂದು ನಾನು ಹೆದರುವ ಆ ಜನ ಅಲ್ಲಿ ಇರಲೇ ಇಲ್ಲ. ನಾನೊಬ್ಬಳೇ ಇದ್ದೆ.

"ಕಳಿಸು ಬೇಟಿ" ಎಂದರು ಅಮ್ಮಿ. "ನಾನು ಇವಳಷ್ಟಿದ್ದಾಗ ನಂದಿಯ ಜಾತ್ರೆಗೆ ಎಲ್ಲ ಮಕ್ಕಳೂ ಹೋದರು. ರಾಟೆ ತೊಟ್ಟಿಲು ಬಂದಿತ್ತಂತೆ. ಗೂಡು ಬೇಯುತ್ತಿದೆ, ನೀನು ಹೋದರೆ ಯಾರು ತಿರುಗಿಸುತ್ತಾರೆ ಎಂದರು. ಮುಂದಿನ ವರ್ಷ ಹೋಗುವೆಯಂತೆ ಎಂದರು." ಆ ಮುಂದಿನ ವರ್ಷ ಬರಲೇ ಇಲ್ಲವೆಂದು ಅಮ್ಮಿ ಹೇಳಬೇಕಾಗಿರಲಿಲ್ಲ. ಮೂವತ್ತೆಂಟು ವರ್ಷ ಅವರ ಮಗಳಾಗಿದ್ದರೂ ಈ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮಗಳು ಮಾಮೂನ ಜೊತೆ ಹೋದಳು. ಬಾಗಿಲಲ್ಲಿ ಅವಳ ಎತ್ತರ ಅಳೆದರು. ಹಾರುವಂಥದ್ದು, ಬೀಳುವಂಥದ್ದು ಯಾವುದೂ ಇರಬಾರದೆಂದರು. ಹೃದಯದ ತೊಂದರೆಯವರು, ಗರ್ಭಿಣಿಯರು ಕೂರಬಾರದೆಂಬ ಸೂಚನೆಯೂ ಇತ್ತು. ಕೆಲವೇ ನಿಮಿಷದಲ್ಲಿ ಆಟ ಮುಗಿಯಿತು. ಮರಳಿ ಬಂದ ಮಗಳ ಕಣ್ಣಲ್ಲಿ ನೀರು, ತುಟಿಯಲ್ಲಿ ನಗು. ನಾನಿಯನ್ನು ತಬ್ಬಿಕೊಂಡಳು.

ಝುಹರ್ ನಮಾಝ್ ಮುಗಿಸಿ, ಮನೆಯಿಂದ ಬೆಳಿಗ್ಗೆ ತಿಂದುಬಂದ ನಾಷ್ಟಾದ ಧೈರ್ಯದ ಮೇಲೆ ಅಲ್ಲಿನ ದುಬಾರಿ ಊಟವನ್ನು ಆದಷ್ಟು ಮುಂದೂಡಿ, ಒಂದು ಕಡೆ ಕೂತೆವು. ಎದುರಿಗೆ ಚಿಕ್ಕ ಮಕ್ಕಳ ಒಂದು ಆಟವಿತ್ತು. ಜಾತ್ರೆಯಲ್ಲಿ ಮರದ ಕುದುರೆಗಳು ಸುತ್ತುತ್ತವಲ್ಲ, ಅಂಥದ್ದೇ. ಇಲ್ಲಿ ಕುದುರೆಯ ಬದಲು ಕಾರುಗಳು. ನಿಧಾನಕ್ಕೆ, ದೀಪಗಳ ನಡುವೆ ಸುತ್ತುತ್ತಿತ್ತು. ಅಮ್ಮಿ ಬಹಳ ಹೊತ್ತು ಅದನ್ನೇ ನೋಡಿದರು. ಆಮೇಲೆ ಮೊಮ್ಮಗಳ ಕಿವಿಯಲ್ಲಿ ಏನೋ ಹೇಳಿದರು. ಮಗಳು ಎದ್ದು ಬಂದು ಪಿಸುಗುಟ್ಟಿದಳು, "ಅಮ್ಮಾ, ನಾನಿ ಅದರಲ್ಲಿ ಕೂರಬಹುದಾ ಅಂತ ಕೇಳುತ್ತಿದ್ದಾರೆ."

ನಾನು ಏನು ಹೇಳಲು ಹೊರಟಿದ್ದೆನೋ ಅದು ಗಂಟಲಲ್ಲೇ ನಿಂತಿತು. ಅರವತ್ತಾರು ವರ್ಷದ ಅಮ್ಮಿ ನನ್ನ ಅನುಮತಿ ಕೇಳುತ್ತಿದ್ದರು! ಮೊದಲು ಅಬ್ಬನನ್ನು ಕೇಳುತ್ತಿದ್ದರು, ಅದಕ್ಕೂ ಮೊದಲು ಚರಕದ ಮಾಲಕರನ್ನು. ಈಗ ಮಗಳನ್ನು.

ಅಲ್ಲಿ ನಿಂತಿದ್ದ ಕೆಲಸದ ಹುಡುಗನನ್ನು ತಮ್ಮ ವಿಚಾರಿಸಿದ. ಅವನು ನೇಪಾಳದವನು. ಒಳ್ಳೆಯ ಹಿಂದಿಯಲ್ಲಿ "ಬನ್ನಿ ಅಮ್ಮಾ" ಎಂದು ಕೈಹಿಡಿದು ಹತ್ತಿಸಿದ. ನಾನು ಪಕ್ಕದಲ್ಲಿ ಕೂತೆ. ಅಮ್ಮಿ ಬಿರುಕು ಬಿದ್ದ ಆ ಕೈಗಳಿಂದ ಎದುರಿನ ಹಿಡಿಯನ್ನು ಬಿಗಿಯಾಗಿ ಹಿಡಿದರು. ಅದು ಮೆಲ್ಲಗೆ ತಿರುಗತೊಡಗಿತು. ಅರ್ಧ ಸುತ್ತು ಆದ ಮೇಲೆ ನನ್ನ ಕಡೆ ವಾಲಿ ಕೇಳಿದರು, "ಇದನ್ನು ಯಾರು ತಿರುಗಿಸುತ್ತಿದ್ದಾರೆ? ಕೆಳಗೆ ಯಾವುದಾದರೂ ಮಗು ಕೂತಿದೆಯಾ?"

"ಇಲ್ಲ ಅಮ್ಮಿ. ಕರೆಂಟಿನಿಂದ ತಿರುಗುತ್ತದೆ."

"ಹಾಗಾದರೆ ಸರಿ" ಎಂದರು. ಆಮೇಲೆ ಹಿಡಿ ಬಿಟ್ಟು ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

ಆಟ ನಿಂತಾಗ "ಸಾಕೇ?" ಎಂದೆ. ಅವರು ಇಳಿಯಲಿಲ್ಲ. ಜನ ಕಡಿಮೆ ಇದ್ದುದರಿಂದ ಆ ಹುಡುಗ ಕಣ್ಣಲ್ಲೇ ನಕ್ಕು ಇನ್ನೊಂದು ಸುತ್ತಿಗೆ ಬಿಟ್ಟ. ಆಮೇಲೆ ಮತ್ತೊಂದು. ಮೂರನೆಯದು ಮುಗಿದಾಗ ಅಮ್ಮಿ ತಾವಾಗಿಯೇ "ಈಗ ಸಾಕು" ಎಂದರು.

ವರ್ಷಗಳಿಂದ ತರಗತಿಯಲ್ಲಿ ಹೇಳುತ್ತಿದ್ದ ಒಂದು ಹದೀಸ್ ಆಗ ನನಗೆ ನೆನಪಾಯಿತು. ಈದ್ ದಿನ ಮಸೀದಿಯಲ್ಲಿ ಅಬಿಸೀನಿಯಾದವರು ಭರ್ಜಿಯ ಆಟ ಆಡುತ್ತಿದ್ದರು. ಹಝ್ರತ್ ಆಯಿಶಾ(ರ)ರಿಗೆ ಅದನ್ನು ನೋಡುವ ಆಸೆ. ಪ್ರವಾದಿ(ಸ) ಅವರಿಗೆ ಮರೆಯಾಗಿ ನಿಂತು ತೋರಿಸಿದರು. ಆಯಿಶಾ(ರ) ತಾವಾಗಿ ದಣಿದು ಸಾಕೆನ್ನುವ ತನಕ ಪ್ರವಾದಿವರ್ಯರು ನಿಂತೇ ಇದ್ದರು. ಬುಖಾರಿಯಲ್ಲಿದೆ. ಈ ಹದೀಸನ್ನು ನಾನು ಎಷ್ಟೋ ಸಲ ಬೋಧಿಸಿದ್ದೇನೆ. ಅದರ ಅರ್ಥ ಕೇಳಿದರೆ ಪದಪದವಾಗಿ ಹೇಳುತ್ತಿದ್ದೆ. ಆದರೆ ಮನೆಯ ಹೆಣ್ಣಿನ ಒಂದು ಚಿಕ್ಕ ಸಂತೋಷಕ್ಕಾಗಿ ಇನ್ನೊಬ್ಬರು ಅವಸರವಿಲ್ಲದೆ ಕಾದು ನಿಲ್ಲಬೇಕು ಎಂಬ ಪಾಠ ಅದರಲ್ಲಿದೆಯೆಂದು ನನಗೆ ಹೊಳೆದಿರಲಿಲ್ಲ.

ಊರಿಗೆ ಮರಳಿ ಶಾಲೆಗೆ ಹೋದ ಮೊದಲ ದಿನ ಏಳನೇ ತರಗತಿಯ ಹುಡುಗಿಯರನ್ನು ಕೇಳಿದೆ, "ಶಾಲೆ ಬಿಟ್ಟ ಮೇಲೆ ಏನು ಆಡುತ್ತೀರಿ?" ಕೆಲವರು ನಕ್ಕರು. ಒಬ್ಬಳು ತಮ್ಮನನ್ನು ಎತ್ತಿಕೊಳ್ಳುತ್ತೇನೆ ಎಂದಳು. ಇನ್ನೊಬ್ಬಳು ಪಾತ್ರೆ, ನೀರು. ಇಬ್ಬರು ಮನೆಯ ಚರಕದ ಹತ್ತಿರ ಸಹಾಯ. ಬಿಡುವಿನ ಹೊತ್ತಿನಲ್ಲಿ ಅವರು ಅಂಗಳದಲ್ಲಿ ಓಡಿದರೆ "ಹೆಣ್ಣು ಮಕ್ಕಳು ಹೀಗೆ ಓಡಬಾರದು" ಎಂದು ತಡೆಯುತ್ತಿದ್ದವಳು ನಾನೇ.

ಕಾನೂನು ತನ್ನ ಕೆಲಸ ಮಾಡಿಲ್ಲವೆಂದಲ್ಲ. ಬಾಲಕಾರ್ಮಿಕ ಪದ್ಧತಿಯ ವಿರುದ್ಧ 1986ರಲ್ಲೇ ಕಾಯ್ದೆ ಬಂತು. 2016ರ ತಿದ್ದುಪಡಿಯ ನಂತರ ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ದುಡಿಮೆಗೂ ಹಚ್ಚುವಂತಿಲ್ಲ. ಆದರೆ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ, ಅಪಾಯವಿಲ್ಲದ ಮನೆಯ ಉದ್ಯೋಗದಲ್ಲಿ ಕೈಜೋಡಿಸಬಹುದೆಂಬ ಒಂದು ವಿನಾಯಿತಿ ಇದೆ. ನಮ್ಮಂಥ ಊರುಗಳಲ್ಲಿ ಮಗುವಿನ ಆಟದ ಹೊತ್ತು ಕರಗುವುದು ಆ ಬಾಗಿಲಿನಲ್ಲೇ. ವಿಶ್ವಸಂಸ್ಥೆ 1989ರಲ್ಲಿ ಒಪ್ಪಿದ ಮಕ್ಕಳ ಹಕ್ಕುಗಳ ಒಡಂಬಡಿಕೆಯಲ್ಲಿ ವಿಶ್ರಾಂತಿ, ಆಟ ಕೂಡ ಹಕ್ಕು ಎಂದಿದೆ. 1992ರಲ್ಲಿ ಭಾರತವೂ ಅದನ್ನು ಒಪ್ಪಿತು. ಮನೆಯೊಳಗೆ ಅದನ್ನು ಒಪ್ಪಬೇಕಾದವರು ನಾವು, ತಾಯಂದಿರು.

ಆ ವರ್ಷ ಫೆಬ್ರವರಿಯಲ್ಲಿ ನಮ್ಮ ಹುಡುಗಿಯರನ್ನು ನಂದಿಬೆಟ್ಟಕ್ಕೆ ಕರೆದೊಯ್ದೆ. ಸುಲಭವಾಗಲಿಲ್ಲ. "ಹೆಣ್ಣು ಮಕ್ಕಳಿಗೆ ಬೆಟ್ಟವೇಕೆ ಆಪಾ?" ಎಂದರು ತಂದೆಯರು. "ನೀವೂ ಬನ್ನಿ, ಇಲ್ಲವೇ ತಾಯಂದಿರನ್ನು ಕಳಿಸಿ" ಎಂದೆ. ಹನ್ನೊಂದು ತಾಯಂದಿರು ಬಂದರು. ದಿನವೂ ಆ ಬೆಟ್ಟವನ್ನು ದೂರದಿಂದ ನೋಡುವವರಲ್ಲಿ ಹೆಚ್ಚಿನವರು ಹತ್ತಿದ್ದು ಅದೇ ಮೊದಲ ಸಲ. ಅಮ್ಮಿಯೂ ಬಂದರು, ಉಬ್ಬಸದ ಔಷಧ ಚೀಲದಲ್ಲಿಟ್ಟುಕೊಂಡು. ಬಸ್ಸಿನ ಬಾಡಿಗೆ, ಬುತ್ತಿ ಎಲ್ಲ ಸೇರಿ ತಲೆಗೆ ಬಿದ್ದ ಖರ್ಚು ಅಬುಧಾಬಿಯ ಒಂದು ಟಿಕೆಟಿನ ಎದುರು ಏನೂ ಅಲ್ಲ. ಹುಡುಗಿಯರು ಮರಗಳ ನಡುವೆ ಓಡಿದರು, ಕಿರುಚಿದರು. ತಡೆಯಬೇಕೆಂದು ನಾಲಿಗೆ ತುರಿಸಿತು. ಅಮ್ಮಿ ನನ್ನ ಕೈ ಒತ್ತಿದರು.

ಅಮ್ಮಿ 2021ರಲ್ಲಿ ತೀರಿಕೊಂಡರು. ಅಲ್ಲಾಹನು ಅವರ ಗೋರಿಯನ್ನು ವಿಶಾಲಗೊಳಿಸಲಿ. ಅವರ ಪೆಟ್ಟಿಗೆಯಲ್ಲಿ ಮಡಿಸಿಟ್ಟ ಕರವಸ್ತ್ರದೊಳಗೆ ಆ ದಿನದ ಟಿಕೆಟ್ಟಿನ ಕಾಗದ ಸಿಕ್ಕಿತು. ಅಕ್ಷರಗಳು ಮಾಸಿಹೋಗಿದ್ದವು.

ಸಹೋದರಿಯರೇ, ವಿದೇಶಕ್ಕೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಸಾಲ ಮಾಡಿ ಆಟಕ್ಕೆ ಹೋಗಿ ಎಂದಂತೂ ಅಲ್ಲವೇ ಅಲ್ಲ. ಚಿಕ್ಕಬಳ್ಳಾಪುರದವರಿಗೆ ನಂದಿ ಇದೆ. ಚಿಂತಾಮಣಿಯವರಿಗೆ ಅಂಬಾಜಿದುರ್ಗವಿದೆ. ಗೌರಿಬಿದನೂರಿನವರಿಗೆ ವಿದುರಾಶ್ವತ್ಥವಿದೆ, 1938ರಲ್ಲಿ ಅಲ್ಲಿ ಪ್ರಾಣ ಕೊಟ್ಟವರ ಕಥೆಯನ್ನು ಮಕ್ಕಳಿಗೆ ಹೇಳಿದಂತೆಯೂ ಆಯಿತು. ನಮ್ಮ ಶಿಡ್ಲಘಟ್ಟದವರಿಗೆ ತಲಕಾಯಲಬೆಟ್ಟವಿದೆ. ಏನೂ ಇಲ್ಲದಿದ್ದರೆ ಮನೆಯ ಮಾಳಿಗೆಯೂ ಸಾಕು. ಇವತ್ತು ರಾತ್ರಿ ಊಟವಾದ ಮೇಲೆ ನಿಮ್ಮ ಅಮ್ಮಿಯನ್ನೋ ಅತ್ತೆಯನ್ನೋ ಒಮ್ಮೆ ಕೇಳಿ ನೋಡಿ, ಚಿಕ್ಕಂದಿನಲ್ಲಿ ಅವರಿಗೆ ಯಾವ ಆಟದ ಆಸೆಯಿತ್ತೆಂದು. ಉತ್ತರ ಬರಲು ಸ್ವಲ್ಪ ಹೊತ್ತಾಗಬಹುದು. ಕಾಯಿರಿ. ಅವರು ಸರದಿಯಲ್ಲಿ ನಿಂತು ಬಹಳ ವರ್ಷವಾಗಿದೆ.