ಪುಷ್ಯಮಾಸದ ಸ್ವಾಧ್ಯಾಯ

ಶ್ರಾವಕನ ಷಟ್ಕರ್ಮಗಳಲ್ಲಿ ದೇವಪೂಜೆ, ಗುರೂಪಾಸ್ತಿಗಳ ಬಳಿಕ ಸ್ವಾಧ್ಯಾಯವನ್ನು ಹೇಳಿದ್ದಾರೆ. ಪೂಜೆಗೆ ಬಸದಿಯಿದೆ, ದಾನಕ್ಕೆ ಪರ್ವದಿನಗಳಿವೆ. ಸ್ವಾಧ್ಯಾಯಕ್ಕೆ ಮಾತ್ರ ಹೊತ್ತಿಲ್ಲವೆನ್ನುತ್ತೇವೆ. ಆ ಹೊತ್ತನ್ನು ಚಳಿಗಾಲವೇ ಒದಗಿಸುತ್ತದೆ. ಗೋಪಾಲಸ್ವಾಮಿ ಬೆಟ್ಟವನ್ನು ಮಂಜು ಮುಸುಕುವ ಗುಂಡ್ಲುಪೇಟೆಯ ಸೀಮೆಯಲ್ಲಿ ಪುಷ್ಯದ ಹಗಲು ಬೇಗ ಮುಗಿಯುತ್ತದೆ. ಅನಸ್ತಮಿತ ವ್ರತವನ್ನು ಪಾಲಿಸುವ ಮನೆಯಲ್ಲಿ ಸೂರ್ಯಾಸ್ತಕ್ಕೆ ಮುನ್ನವೇ ಊಟವಾದರೆ, ನಿದ್ರೆಯವರೆಗೆ ಎರಡು ಮೂರು ಗಂಟೆಗಳು ಉಳಿಯುತ್ತವೆ. ಆ ಅವಧಿಯಲ್ಲಿ ನಾನು ಓದಿ, ಕೇಳಿ ಸಂತೋಷಪಟ್ಟ ಕೆಲವನ್ನು ಧರ್ಮಬಂಧುಗಳ ಮುಂದಿಡುತ್ತೇನೆ.

ಮೊದಲನೆಯದು ಜನ್ನನ ‘ಯಶೋಧರಚರಿತೆ’. 1209ರಲ್ಲಿ ರಚಿತವಾದ ಈ ಕಿರುಕಾವ್ಯವನ್ನು ನಾಲ್ಕಾರು ಸಂಜೆಗಳಲ್ಲಿ ಮುಗಿಸಬಹುದು. ತಾಯಿ ಚಂದ್ರಮತಿ ಜೀವಬಲಿಗೆ ಒತ್ತಾಯಿಸುತ್ತಾಳೆ. ಯಶೋಧರನು ಜೀವಹಿಂಸೆಗೆ ಅಂಜಿ ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ. ಆದರೂ ಕೊಲ್ಲುವ ಸಂಕಲ್ಪವೊಂದಕ್ಕಾಗಿ ತಾಯಿ ಮಗ ಇಬ್ಬರೂ ನಾಯಿ, ನವಿಲು ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಕೈ ಮಾಡದಿದ್ದುದನ್ನು ಮನಸ್ಸು ಮಾಡಿದರೂ ಕರ್ಮಬಂಧ ತಪ್ಪದೆಂಬುದು ಕವಿಯ ತಾತ್ಪರ್ಯ. ಸಂಕಲ್ಪಹಿಂಸೆಗೆ ಇಷ್ಟು ಫಲವಿದ್ದರೆ, ಒಳ್ಳೆಯ ಗ್ರಂಥವನ್ನು ಓದುವಾಗ ಮೂಡುವ ದಯಾಭಾವವೂ ನಿಷ್ಫಲವಾಗಲಾರದು. ಏನನ್ನು ಓದುತ್ತೇವೆ, ಏನನ್ನು ಕೇಳುತ್ತೇವೆ ಎಂಬುದು ಕೇವಲ ಕಾಲಕ್ಷೇಪದ ಪ್ರಶ್ನೆಯಲ್ಲ. ಅದು ಪರಿಣಾಮಶುದ್ಧಿಯ ಪ್ರಶ್ನೆ.

ಕಾವ್ಯ, ಸಂಗೀತಗಳ ಸವಿ ರಾಗವನ್ನು ಬೆಳೆಸುತ್ತದೆಯಲ್ಲವೇ ಎಂದು ಕೆಲವು ಹಿರಿಯರು ಕೇಳುವುದುಂಟು. ಶಂಕೆ ನ್ಯಾಯವಾದುದೇ. ಇದಕ್ಕೆ ಉತ್ತರ ದೊರೆತದ್ದು ಪಂಪನ ‘ಆದಿಪುರಾಣ’ದಲ್ಲಿ. 941ರ ಈ ಕೃತಿಯಲ್ಲಿ ವೃಷಭನಾಥನಿಗೆ ವೈರಾಗ್ಯ ಹುಟ್ಟುವುದು ಉಪದೇಶದಿಂದಲ್ಲ, ನೃತ್ಯದಿಂದ. ನೀಲಾಂಜನೆ ಕುಣಿಯುತ್ತಿರುವಾಗಲೇ ಆಯುಷ್ಯ ತೀರಿ ಮಾಯವಾಗುತ್ತಾಳೆ. ರಸಭಂಗವಾಗದಂತೆ ಇಂದ್ರನು ಅಂಥವಳನ್ನೇ ಮತ್ತೊಬ್ಬಳನ್ನು ನಿಲ್ಲಿಸುತ್ತಾನೆ. ಸಭೆಗೆ ತಿಳಿಯಲಿಲ್ಲ, ಆದಿದೇವನು ಕಂಡನು. ಒಂದೇ ನೃತ್ಯ, ನೋಡಿದವರ ಪರಿಣಾಮ ಬೇರೆ. ದೋಷ ಕಲೆಯದಲ್ಲ, ಅಸಾವಧಾನದ್ದು.

ನಮ್ಮ ಸೀಮೆಯದೇ ಎರಡು ಓದುಗಳನ್ನು ಹೇಳಬೇಕು. ಮಲೆಯೂರಿನ ಕನಕಗಿರಿಯ ದೇವಚಂದ್ರನು 19ನೆಯ ಶತಮಾನದಲ್ಲಿ ಬರೆದ ‘ರಾಜಾವಳಿ ಕಥೆ’ಯಲ್ಲಿ ಇತಿಹಾಸವೂ ಐತಿಹ್ಯವೂ ಬೆರೆತಿವೆ, ಅದನ್ನು ವಿವೇಚನೆಯಿಂದ ಓದಬೇಕು. ಎರಡನೆಯದು ಕಲ್ಲಿನ ಪುಟ. ಅರಿಕುಠಾರವೆಂದು ಹೆಸರಿದ್ದ ಚಾಮರಾಜನಗರದ ಪಾರ್ಶ್ವನಾಥ ಬಸದಿಯ 1117ರ ಶಾಸನವು ವಿಷ್ಣುವರ್ಧನನ ದಂಡನಾಯಕ ಪುಣಿಸಮಯ್ಯನನ್ನು ಸ್ತುತಿಸುತ್ತದೆ. ಕೆಟ್ಟುಹೋದ ವರ್ತಕನಿಗೆ, ಬಿತ್ತನೆಗೆ ಬೀಜವಿಲ್ಲದ ಒಕ್ಕಲಿಗನಿಗೆ, ಅಧಿಕಾರ ಕಳೆದುಕೊಂಡ ಕಿರಾತನಿಗೆ ಅವರವರು ಕಳೆದುಕೊಂಡುದನ್ನೇ ಆತ ಒದಗಿಸಿದನೆಂಬ ವಿವರ ಅದರಲ್ಲಿದೆ. ಬಸದಿ ಕಟ್ಟಿಸಿದ ಸೇನಾಪತಿ ಬೀಜವಿಲ್ಲದ ಹೊಲವನ್ನೂ ಗಮನಿಸಿದ್ದನೆಂಬುದು ನಮ್ಮ ಟ್ರಸ್ಟುಗಳು ನೆನೆಯಬೇಕಾದ ಮಾತು.

ಸಂಗೀತದಲ್ಲಿ ರತ್ನಾಕರವರ್ಣಿಯ ‘ಭರತೇಶ ವೈಭವ’ವನ್ನು ಶಿಫಾರಸು ಮಾಡುತ್ತೇನೆ. ಸಾಂಗತ್ಯವು ಹಾಡಿಗೆ ಒದಗುವ ಛಂದಸ್ಸು. ಕಣ್ಣಿನಲ್ಲಿ ಓದುವುದಕ್ಕಿಂತ ಕಿವಿಯಲ್ಲಿ ಕೇಳಿದಾಗ ಅದರ ಸೊಗಸು ಹೆಚ್ಚು. ಅರಮನೆಯಲ್ಲಿದ್ದೂ ಆತ್ಮಧ್ಯಾನ ಬಿಡದ ಭರತನು ಗೃಹಸ್ಥರಿಗೆ ಹತ್ತಿರದವನು. ತಂಬೂರಿ ಹಿಡಿದು ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವನ್ನೂ ಕೇಳಿದೆ. ಪರಮತದ ಹಾಡಿನಲ್ಲಿರುವ ಸತ್ಯಾಂಶಕ್ಕೆ ಕಿವಿಗೊಡದವನು ಅನೇಕಾಂತವನ್ನು ಬಾಯಲ್ಲಿ ಹೇಳಿ ಫಲವೇನು?

ಹಳಗನ್ನಡ ಕಠಿಣವೆಂದು ಮಕ್ಕಳು ಈ ಗ್ರಂಥಗಳಿಂದ ದೂರವಾಗುತ್ತಿದ್ದಾರೆ. ಕಪಾಟಿನಲ್ಲಿ ಬೀಗ ಹಾಕಿಟ್ಟ ಶಾಸ್ತ್ರಕ್ಕೆ ಶ್ರುತಪಂಚಮಿಯಂದು ಅರ್ಘ್ಯ ಕೊಟ್ಟ ಮಾತ್ರಕ್ಕೆ ಜ್ಞಾನಾರಾಧನೆ ಪೂರ್ಣವಾಗದು. ಬಸದಿಗಳಲ್ಲಿ ಚಳಿಗಾಲದ ಒಂದು ತಿಂಗಳಾದರೂ ಸಂಜೆ ಅರ್ಧ ಗಂಟೆ ವಾಚನ ನಡೆಯಲಿ. ಕಿರಿಯರು ಓದಲಿ, ಬಲ್ಲ ಹಿರಿಯರು ಅರ್ಥ ಹೇಳಲಿ. ಇದಕ್ಕೆ ಬೇಕಾದುದು ಹಣವಲ್ಲ. ಒಂದು ಪುಸ್ತಕ, ಒಂದು ದೀಪ, ಕೇಳುವ ನಾಲ್ವರು.