ಮೂಲೆಯ ಮನೆ

ಎಪ್ಪತ್ತೊಂದನೆಯ ವಯಸ್ಸಿನಲ್ಲಿ ನನಗೊಂದು ಹೊಸ ಚಟ ಅಂಟಿದೆ ಎಂದರೆ ವಾಚಕರು ನಗಬಾರದು. ಕಾಫಿ, ನಶ್ಯಗಳ ಜೊತೆಗೆ ಈಗ ‘2048’ ಎಂಬ ಆಟವೂ ಸೇರಿದೆ. ರಜಕ್ಕೆಂದು ತುಮಕೂರಿಗೆ ಬಂದಿದ್ದ ಮೊಮ್ಮಗ ಅದನ್ನು ನನ್ನ ಮೊಬೈಲಿಗೆ ತುಂಬಿಸಿದ. ಅವನು ಹೊರಟುಹೋದ, ಆಟ ಉಳಿದುಕೊಂಡಿತು.

ಗ್ಯಾಬ್ರಿಯೆಲೆ ಚಿರುಲ್ಲಿ ಎಂಬ ಹತ್ತೊಂಬತ್ತು ವರ್ಷದ ಇಟಲಿಯ ಹುಡುಗ 2014ರಲ್ಲಿ ಇದನ್ನು ಕಟ್ಟಿದನು. ಸಾಲಿಗೆ ನಾಲ್ಕರಂತೆ ಹದಿನಾರು ಮನೆ. ಬೆರಳಿನಿಂದ ಒಂದು ಕಡೆಗೆ ತಳ್ಳಿದರೆ ಬಿಲ್ಲೆಗಳೆಲ್ಲ ಜಾರುತ್ತವೆ. ಎರಡಕ್ಕೆ ಎರಡು ಕೂಡಿ ನಾಲ್ಕು, ನಾಲ್ಕಕ್ಕೆ ನಾಲ್ಕು ಕೂಡಿ ಎಂಟು. ಹೀಗೆ ಇಮ್ಮಡಿಸುತ್ತ 2048 ಮುಟ್ಟಬೇಕು. ಪ್ರತಿ ಸಲವೂ ಹೊಸದಾಗಿ ಬಂದು ಕೂರುವುದು ಬಹುಮಟ್ಟಿಗೆ ಎರಡು, ಅಪರೂಪಕ್ಕೆ ನಾಲ್ಕು. ಲೆಕ್ಕ ಹಾಕಿ ನೋಡಿದೆ: ಗುರಿ ಮುಟ್ಟಲು ಸುಮಾರು ಒಂಬೈನೂರು ಸಲ ಬೆರಳಾಡಿಸಬೇಕು. ನಡುವೆ ಒಂದು ತಪ್ಪು ಸಾಕು, ಸಂಸಾರ ಮುಳುಗಲು.

“ತಾತ, ದೊಡ್ಡ ಸಂಖ್ಯೆಯನ್ನು ಮೂಲೆಗೆ ಕೂರಿಸಿ, ಅಲ್ಲಿಂದ ಕದಲಿಸಬೇಡಿ” ಎಂಬುದು ಮೊಮ್ಮಗನ ಉಪದೇಶ. ದೊಡ್ಡವರನ್ನು ಮೂಲೆಗೆ ಕೂರಿಸುವ ವಿದ್ಯೆಯನ್ನು ಈ ಕಾಲದ ಮಕ್ಕಳಿಗೆ ಹೇಳಿಕೊಡಬೇಕೆ!

ಒಮ್ಮೆ ಮದುವೆಗೆಂದು ಗುಬ್ಬಿಯ ರೈಲು ಹತ್ತಿದೆ. ಬಿಲ್ಲೆ 1024ಕ್ಕೆ ಏರಿತ್ತು. ತಲೆಯೆತ್ತಿ ನೋಡಿದರೆ ನಿಟ್ಟೂರು! ಗುಬ್ಬಿ ಹಿಂದೆಯೇ ಉಳಿದಿತ್ತು. ವೀರಣ್ಣನವರ ನಾಟಕ ನೋಡುತ್ತ ಮೈಮರೆತವರ ಕಥೆಗಳನ್ನು ನಮ್ಮ ತಂದೆ ಹೇಳುತ್ತಿದ್ದರು. ನಾನು ಹದಿನಾರು ಮನೆ ನೋಡುತ್ತ ವೀರಣ್ಣನವರ ಊರನ್ನೇ ಮರೆತೆ.

ನಕ್ಕದ್ದಾಯಿತು. ಈ ಹಟದ ಹಿಂದೆ ಒಂದು ಅಂಜಿಕೆಯಿದೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ. ಕುಣಿಗಲಿನಲ್ಲಿರುವ ನನ್ನ ಅಕ್ಕನಿಗೆ ಮರೆವು. ಮೊದಲು ಬೀಗದ ಕೈ ಮರೆತಳು, ಆಮೇಲೆ ಮಕ್ಕಳ ಹೆಸರು. ಒಂದೇ ರಕ್ತವಲ್ಲವೆ? ಇಂಥ ಆಟ ಆಡಿದರೆ ಮಿದುಳಿಗೆ ತುಕ್ಕು ಹಿಡಿಯದೆಂದು ಯಾರೋ ಹೇಳಿದರು. ವೈದ್ಯರನ್ನು ಕೇಳಿದೆ. “ಆಡಿದರೆ ಆಟ ಚೆನ್ನಾಗಿ ಬರುತ್ತದೆ. ಮರೆವು ಬಾರದೆಂದು ಮಾತು ಕೊಡಲಾರೆ” ಎಂದರು. ಆದರೂ ಆಡುತ್ತಲೇ ಇದ್ದೆ.

ಹೋದ ತಿಂಗಳು ಕುಣಿಗಲಿಗೆ ಹೋದಾಗ ಮೊಬೈಲನ್ನು ಅಕ್ಕನ ಕೈಗಿತ್ತೆ. ಅವಳು ಅದನ್ನು ಸೆರಗಿನಿಂದ ಒರಸಿ ಹಿಂದಕ್ಕೆ ಕೊಟ್ಟಳು. ಆಗ ಅಟ್ಟದ ಮೇಲಿನ ಅಳಗುಳಿಮಣೆ ನೆನಪಾಯಿತು. ಇಳಿಸಿ, ಧೂಳು ಕೊಡವಿ, ಹದಿನಾಲ್ಕು ಗುಳಿಗೂ ನಾಲ್ಕು ನಾಲ್ಕು ಹುಣಿಸೆಬೀಜ ಹಾಕಿದೆ. ನನ್ನ ಹೆಸರನ್ನೂ ಮರೆತಿದ್ದ ಅಕ್ಕನ ಕೈ ತಾನಾಗಿ ಮುಂದೆ ಬಂತು. ಬೀಜ ಬಾಚಿ, ಗುಳಿಗೊಂದರಂತೆ ಬಿಡುತ್ತ ಹೋಯಿತು. ಮಧ್ಯದಲ್ಲಿ ನಾನು ಒಂದು ಗುಳಿಗೆ ಎರಡು ಬೀಜ ಬಿಟ್ಟೆ. ತಟ್ಟನೆ ನನ್ನ ಮಣಿಕಟ್ಟು ಹಿಡಿದು, “ಕಳ್ಳ! ಚಿಕ್ಕಂದಿನಿಂದಲೂ ನೀನು ಹೀಗೇ” ಎಂದಳು.

ಹೆಸರು ಹೇಳಲಿಲ್ಲ. ನಾನೂ ಕೇಳಲಿಲ್ಲ.

ತುಮಕೂರಿಗೆ ಮರಳುವ ಬಸ್ಸಿನಲ್ಲಿ ಮೊಬೈಲು ಜೇಬಿನಲ್ಲೇ ಇತ್ತು. 2048 ಇನ್ನೂ ಕೈಗೆ ಸಿಕ್ಕಿಲ್ಲ. ಅದರ ಅವಸರವೂ ಈಗಿಲ್ಲ. ಪ್ರತಿ ಭಾನುವಾರ ಕುಣಿಗಲಿಗೆ ಹೋಗಿ ಅಕ್ಕನ ಕೈಯಲ್ಲಿ ಸೋತು ಬರುತ್ತಿದ್ದೇನೆ.