ಬ್ರಾಡ್‌ವೇಯುದ್ದಕ್ಕೂ ಒಂದು ಅಪರಿಚಿತ ಚಂದ್ರ

ನಿಮ್ಮೆದುರು ಗಾಜು. ಗಾಜಿನಾಚೆ ನಡುರಾತ್ರಿ. ಹಿಮ ಹಾಸಿದ ನೆಲದ ಮೇಲೆ ತೋಳಗಳು ಓಡುತ್ತಿವೆ. ಅವು ಊರಿದ ಹೆಜ್ಜೆಗಳ ಗುಳಿಯಲ್ಲಿ ನೀಲಿ ನೆರಳು ತುಂಬಿದೆ. ಮೇಲೆ ಉತ್ತರದ ಆಕಾಶದಲ್ಲಿ ಅರೋರಾದ ಮಂದ ಬೆಳಕು.

ನೀವು ನಿಂತಿರುವುದು ಮ್ಯಾನ್‌ಹಟನ್‌ನ ಅಮೆರಿಕನ್ ಮ್ಯೂಸಿಯಂ ಆಫ್ ನ್ಯಾಚುರಲ್ ಹಿಸ್ಟರಿಯಲ್ಲಿ, ಉತ್ತರ ಅಮೆರಿಕದ ಸಸ್ತನಿಗಳ ಹಜಾರದಲ್ಲಿ. ಹೊರಗೆ ಏಪ್ರಿಲ್ ತಿಂಗಳ ಮಧ್ಯಾಹ್ನ, ಒಳಗೆ ಮಿನ್ನೆಸೋಟಾದ ಗನ್‌ಫ್ಲಿಂಟ್ ಸರೋವರದ ಚಳಿಗಾಲದ ರಾತ್ರಿ. ಗಾಜಿಗೆ ಹಣೆ ಹಚ್ಚಿ ನೋಡಿ. ಮುಂದಿನ ಹಿಮ ಎಲ್ಲಿ ಮುಗಿಯಿತು, ಹಿಂದಿನ ಬಣ್ಣದ ಗೋಡೆ ಎಲ್ಲಿ ಶುರುವಾಯಿತು ಎಂದು ಎಷ್ಟು ಹುಡುಕಿದರೂ ಆ ಗಡಿ ಸಿಗುವುದಿಲ್ಲ. ಈ ಹಿನ್ನೆಲೆ ಬರೆದವರು ಜೇಮ್ಸ್ ಪೆರಿ ವಿಲ್ಸನ್. ಅವರು ಓದಿದ್ದು ವಾಸ್ತುಶಿಲ್ಪ. ಬಾಗಿದ ಗೋಡೆಯ ಮೇಲೆ ದೃಶ್ಯ ಸೊಟ್ಟಗಾಗದಿರಲೆಂದು ಚೌಕುಳಿ ಗೆರೆ ಎಳೆದು, ಪ್ರತಿ ಚೌಕದ ಲೆಕ್ಕ ಹಾಕಿ, ಆಮೇಲೆ ಬಣ್ಣಕ್ಕೆ ಕೈ ಹಾಕುತ್ತಿದ್ದರು. ಆಕಾಶದ ನೀಲಿ ನೆತ್ತಿಯಿಂದ ದಿಗಂತಕ್ಕೆ ಇಳಿಯುತ್ತ ಹೇಗೆ ತಿಳಿಯಾಗುತ್ತದೆ ಎಂಬುದೂ ಅವರಿಗೆ ಲೆಕ್ಕದ ವಿಷಯವೇ.

ನಾವು ಬಂದಿರುವುದು ಆ ಶಿಸ್ತನ್ನು ಕಲಿಯಲಿಕ್ಕೆ. ಸಂಜೆಯೊಳಗೆ ನಾವೊಂದು ಚಿತ್ರ ಬರೆಯಬೇಕು. ದೂರದ ನಕ್ಷತ್ರವೊಂದನ್ನು ಸುತ್ತುವ ದೈತ್ಯ ಗ್ರಹ, ಆ ಗ್ರಹಕ್ಕೊಂದು ಉಪಗ್ರಹ, ಆ ಉಪಗ್ರಹದ ನೆಲದ ಮೇಲೆ ನೀರು, ಗಾಳಿ, ಬಹುಶಃ ಗಿಡ. ಕಣ್ಣಾರೆ ಕಂಡವರು ಯಾರೂ ಇಲ್ಲದ ಜಾಗವನ್ನು ನಂಬುವಂತೆ ಬರೆಯುವುದು ಹೇಗೆ? ವಿಲ್ಸನ್ ಆ ಸರೋವರಕ್ಕೆ ಕೊಟ್ಟ ಮರ್ಯಾದೆಯನ್ನೇ ನಾವು ಆ ಕಾಣದ ನೆಲಕ್ಕೂ ಕೊಡಬೇಕು. ಪೆನ್ಸಿಲ್, ಪುಸ್ತಕ ಹಿಡಿದು ಬನ್ನಿ.

ಹಜಾರದಿಂದ ಹಜಾರಕ್ಕೆ ದಾಟಿ 81ನೇ ಬೀದಿಯ ಕಡೆಗೆ ಬಂದರೆ ಬೆಳಕು ಮುಖಕ್ಕೆ ರಾಚುತ್ತದೆ. ಗಾಜಿನ ಬೃಹತ್ ಮನೆ, ಅದರೊಳಗೆ 87 ಅಡಿ ಅಗಲದ ಬಿಳಿ ಗೋಳ. 1935ರಲ್ಲಿ ಶುರುವಾದ ಹೇಡನ್ ತಾರಾಲಯ 2000ದಲ್ಲಿ ಪಡೆದ ಹೊಸ ರೂಪ ಇದು. ಈ ಗೋಳವೇ ಸೂರ್ಯ ಎಂದುಕೊಳ್ಳಿ, ಆಗ ನಮ್ಮ ಭೂಮಿಯ ಅಗಲ ಹತ್ತು ಅಂಗುಲಕ್ಕಿಂತ ಕಡಿಮೆ. ಅಳತೆಯ ಪ್ರಜ್ಞೆ ಇಲ್ಲದೆ ಗ್ರಹಗಳ ಚಿತ್ರ ಬರೆಯಲು ಹೊರಡಬಾರದು ಎಂದು ಈ ಜಾಗ ಮೊದಲ ನೋಟಕ್ಕೇ ಹೇಳಿಬಿಡುತ್ತದೆ.

1951ರ ಅಕ್ಟೋಬರ್ 12ರಂದು ಇದೇ ಜಾಗದ ಹಳೆಯ ತಾರಾಲಯದಲ್ಲಿ ಬಾಹ್ಯಾಕಾಶ ಯಾನದ ಬಗ್ಗೆ ವಿಚಾರ ಸಂಕಿರಣ ನಡೆಯಿತು. ಅದರ ಬೆನ್ನಲ್ಲೇ, 1952ರ ಮಾರ್ಚ್ 22ರಿಂದ ‘ಕೊಲಿಯರ್ಸ್’ ಪತ್ರಿಕೆ ಬಾಹ್ಯಾಕಾಶದ ಲೇಖನಮಾಲೆ ಶುರುಮಾಡಿತು. ಅದರ ಚಿತ್ರಕಾರರಲ್ಲಿ ಚೆಸ್ಲಿ ಬೋನ್‌ಸ್ಟೆಲ್ ಒಬ್ಬರು. ಅವರೂ ವಾಸ್ತುಶಿಲ್ಪದ ಕಡೆಯಿಂದ ಬಂದವರೇ. ಇದೇ ನಗರದ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿ, ಪದವಿ ಮುಗಿಸದೆ ಹೊರಬಿದ್ದು, ಕ್ರೈಸ್ಲರ್ ಕಟ್ಟಡದ ಹೊರಮೈ ವಿನ್ಯಾಸದಲ್ಲಿ ಕೈಜೋಡಿಸಿದವರು. 1944ರ ಮೇ 29ರ ‘ಲೈಫ್’ ಪತ್ರಿಕೆಯಲ್ಲಿ ಅವರು ಓದುಗರನ್ನು ಶನಿಯ ಉಪಗ್ರಹ ಟೈಟನ್ ಮೇಲೆ ನಿಲ್ಲಿಸಿದರು. ಹಿಮ ಕವಿದ ಬಂಡೆಗಳ ಮೇಲೆ ನೀಲಿ ಆಕಾಶ, ಅದರಲ್ಲಿ ತೂಗುವ ಶನಿ. ಟೈಟನ್‌ಗೆ ವಾಯುಮಂಡಲ ಇದೆಯೆಂದು ಖಗೋಳವಿಜ್ಞಾನಿ ಕೈಪರ್ ಪ್ರಕಟಿಸಿದ್ದು ಅದೇ ವರ್ಷ.

2005ರ ಜನವರಿ 14ರಂದು ಹಾಯ್ಗೆನ್ಸ್ ನೌಕೆ ನಿಜವಾಗಿ ಟೈಟನ್ ಮೇಲೆ ಇಳಿಯಿತು. ಆಕಾಶ ಕಿತ್ತಳೆ. ನೆಲದಲ್ಲಿ ಉರುಟು ಕಲ್ಲುಗಳಂತಿದ್ದವು ನೀರ್ಗಲ್ಲಿನ ತುಂಡುಗಳು. ಚಳಿ ಸೊನ್ನೆಗಿಂತ 179 ಡಿಗ್ರಿ ಕೆಳಗೆ. ದಟ್ಟ ಮಬ್ಬಿನಿಂದಾಗಿ ನೆಲದಲ್ಲಿ ನಿಂತವರ ಕಣ್ಣಿಗೆ ಶನಿ ಕಾಣಿಸುವುದೇ ಇಲ್ಲ. ಹಾಗಾದರೆ ಬೋನ್‌ಸ್ಟೆಲ್ ಸೋತರೇ? ನಾನು ಹಾಗೆ ಭಾವಿಸುವುದಿಲ್ಲ. ಅಂದು ಗೊತ್ತಿದ್ದುದರಿಂದ ಅವರು ಪ್ರಾಮಾಣಿಕವಾಗಿ ಲೆಕ್ಕ ಕಟ್ಟಿದರು. ಆಗ ಅಂಥ ಚಿತ್ರಗಳನ್ನು ಕಂಡ ಮಕ್ಕಳಲ್ಲಿ ಎಷ್ಟೋ ಮಂದಿ ಮುಂದೆ ನೌಕೆ ಕಟ್ಟುವವರಾದರು. ಲೆಕ್ಕ ತಿದ್ದಿಕೊಳ್ಳಬಹುದು, ಲೆಕ್ಕವೇ ಇಲ್ಲದ ಚಿತ್ರದಲ್ಲಿ ತಿದ್ದುವುದು ಯಾವುದನ್ನು?

ಹೊರಗೆ ಬನ್ನಿ. ಬ್ರಾಡ್‌ವೇ ಸೇರಿ ಉತ್ತರಕ್ಕೆ ತಿರುಗೋಣ. ಇಂದು ಶುಕ್ಲಪಕ್ಷದ ಅಷ್ಟಮಿ. ಪೂರ್ವದ ಅಡ್ಡಬೀದಿಯ ತುದಿಯಲ್ಲಿ, ನೀರಿನ ಟ್ಯಾಂಕು ಹೊತ್ತ ಇಟ್ಟಿಗೆ ಕಟ್ಟಡಗಳ ಮೇಲೆ, ಹಗಲಿನ ಅರ್ಧಚಂದ್ರ ಇದ್ದಾನೆ. ನಿಂತು ನೋಡಿ. ಬೆಳಗಿದ ಅರ್ಧ ಬಿಳಿ. ಉಳಿದ ಅರ್ಧ ಕಪ್ಪೇ? ಅಲ್ಲ. ಸುತ್ತಲಿನ ಆಕಾಶ ಯಾವ ನೀಲಿಯೋ ಅದೇ ನೀಲಿ. ನಮಗೂ ಚಂದ್ರನಿಗೂ ನಡುವೆ ಇರುವ ಗಾಳಿಯೇ ಬೆಳಗುತ್ತಿರುವುದರಿಂದ ಆ ಕತ್ತಲ ಭಾಗ ನೀಲಿಯಲ್ಲಿ ಮುಳುಗಿಹೋಗಿದೆ. ಹಗಲ ಆಕಾಶದಲ್ಲಿ ಕರಿಗ್ರಹ ತೂಗುಬಿಟ್ಟ ಎಷ್ಟೋ ಬಣ್ಣದ ಚಿತ್ರಗಳು ಈ ಒಂದು ನೋಟಕ್ಕೆ ಬಿದ್ದುಹೋಗುತ್ತವೆ. ಇನ್ನೊಂದನ್ನೂ ಗಮನಿಸಿ. ಚಂದ್ರನ ಬೆಳಗಿದ ಮಗ್ಗುಲು ಸೂರ್ಯ ಇರುವ ಪಶ್ಚಿಮಕ್ಕೇ ಮುಖ ಮಾಡಿದೆ, ಎದುರಿನ ಕಟ್ಟಡದ ನೆರಳೂ ಅದೇ ಸೂರ್ಯನ ಮಾತು ಕೇಳುತ್ತಿದೆ. ನಮ್ಮ ಚಿತ್ರದಲ್ಲೂ ಬಂಡೆಯ ನೆರಳಿಗೂ ಗ್ರಹದ ಬೆಳಗಿದ ಅಂಚಿಗೂ ಒಂದೇ ಸೂರ್ಯ ಇರಬೇಕು.

ಈಗ ಕೈ ಚಾಚಿ. ಕಿರುಬೆರಳಿನ ಅಗಲ ಆಕಾಶದಲ್ಲಿ ಸುಮಾರು ಒಂದು ಡಿಗ್ರಿ, ಚಂದ್ರ ಅದರ ಅರ್ಧ. ಮುಷ್ಟಿ ಕಟ್ಟಿದರೆ ಸುಮಾರು ಹತ್ತು ಡಿಗ್ರಿ. ನಮ್ಮ ದೈತ್ಯ ಗ್ರಹಕ್ಕೆ ಗುರುವಿನ ಗಾತ್ರ ಕೊಡೋಣ, ನಮ್ಮ ಉಪಗ್ರಹವನ್ನು ಗುರುವಿನ ಉಪಗ್ರಹ ಯುರೋಪ ಇರುವಷ್ಟು ದೂರದಲ್ಲಿ ಇಡೋಣ. ಆಗ ಗ್ರಹದ ಅಗಲ ಸುಮಾರು 12 ಡಿಗ್ರಿ, ಅಂದರೆ ನಮ್ಮ ಚಂದ್ರನ 24 ಪಟ್ಟು. ಮುಷ್ಟಿಗಿಂತ ತುಸು ದೊಡ್ಡದು. ಪುಸ್ತಕದಲ್ಲಿ ವೃತ್ತ ಎಳೆಯಿರಿ. ಅರ್ಧ ಆಕಾಶ ನುಂಗುವ ಗ್ರಹ ಬರೆಯುವ ಆಸೆ ಎಲ್ಲರಿಗೂ ಬರುತ್ತದೆ, ಆದರೆ ಉಪಗ್ರಹ ಅಷ್ಟು ಹತ್ತಿರ ಹೋದಂತೆ ಗ್ರಹದ ಸೆಳೆತ ಅದನ್ನು ಹಿಂಡುತ್ತದೆ. ಗುರುವಿನ ಉಪಗ್ರಹ ಅಯೋ ಮೈತುಂಬ ಜ್ವಾಲಾಮುಖಿ ಉಕ್ಕಿಸುತ್ತಿರುವುದು ಆ ಹಿಂಡುವಿಕೆಯಿಂದಲೇ.

96ನೇ ಬೀದಿ ಬಂತು. ಸಬ್‌ವೇ ಮೆಟ್ಟಿಲಿನಿಂದ ಜನ ಉಕ್ಕಿ ಬರುತ್ತಿದ್ದಾರೆ. ಈ ನಾಲ್ಕು ರಸ್ತೆ ಕೂಡುವಲ್ಲಿ ಒಂದು ಕ್ಷಣ ನಿಲ್ಲಿ. 1925ರ ಜನವರಿ 24ರ ಕೊರೆಯುವ ಬೆಳಗಿನಲ್ಲಿ ಚಂದ್ರನ ನೆರಳಿನ ಅಂಚು ನಗರವನ್ನು ಇಲ್ಲೇ ಸೀಳಿಕೊಂಡು ಹೋಯಿತು. ರಿವರ್‌ಸೈಡ್ ಡ್ರೈವ್‌ನ ಮಾಳಿಗೆಗಳ ಮೇಲೆ ಸಾಲಾಗಿ ನಿಂತವರು ತಾವು ಕಂಡದ್ದನ್ನು ಬರೆದುಕೊಂಡರು. 96ನೇ ಬೀದಿಯಿಂದ ಉತ್ತರಕ್ಕಿದ್ದವರಿಗೆ ಖಗ್ರಾಸ ಗ್ರಹಣ, ದಕ್ಷಿಣದವರಿಗೆ ಸೂರ್ಯನ ಒಂದು ಎಳೆ ಉಳಿದೇ ಇತ್ತು. ನಮ್ಮ ಕಡೆ ಅಂಕೋಲಾ, ಹುಬ್ಬಳ್ಳಿ, ರಾಯಚೂರಿನ ಹಿರಿಯರಿಗೆ 1980ರ ಫೆಬ್ರವರಿ 16ರ ಖಗ್ರಾಸದ ಕತ್ತಲು ನೆನಪಿರುತ್ತದೆ.

ನ್ಯೂಜೆರ್ಸಿಯ ಪ್ರಿನ್ಸ್‌ಟನ್‌ನಲ್ಲಿ ಓದಿದ ಹೋವರ್ಡ್ ರಸೆಲ್ ಬಟ್ಲರ್ ಗ್ರಹಣಗಳ ಬೆನ್ನು ಹತ್ತಿದ ಚಿತ್ರಕಾರ. 1918ರ ಜೂನ್ 8ರಂದು ಆರೆಗನ್ ರಾಜ್ಯದ ಬೇಕರ್‌ನಲ್ಲಿ ಅವರ ಕೈಗೆ ಸಿಕ್ಕಿದ್ದು ಸುಮಾರು 112 ಸೆಕೆಂಡು. ಅಷ್ಟರಲ್ಲಿ ಬಣ್ಣ ಹಚ್ಚುವುದೆಲ್ಲಿ? ಬಣ್ಣಗಳಿಗೂ ಅವುಗಳ ಗಾಢತೆಗೂ ತಾವೇ ಮಾಡಿಕೊಂಡ ಶೀಘ್ರಲಿಪಿಯಲ್ಲಿ ಗುರುತು ಹಾಕಿಕೊಂಡು, ಆಮೇಲೆ ಕ್ಯಾನ್‌ವಾಸಿಗೆ ಇಳಿಸಿದರು. ಇದೇ ಬಟ್ಲರ್, ನಾವು ಈಗಷ್ಟೇ ಬಿಟ್ಟುಬಂದ ಮ್ಯೂಸಿಯಂಗಾಗಿ, ಮಂಗಳನ ಉಪಗ್ರಹದ ಮೇಲೆ ನಿಂತರೆ ಮಂಗಳ ಹೇಗೆ ಕಂಡೀತು ಎಂಬ ಚಿತ್ರವನ್ನೂ ಬರೆದರು. ಕಣ್ಣೆದುರಿನ ಆಕಾಶವನ್ನು ಅಷ್ಟು ನಿಷ್ಠೆಯಿಂದ ನೋಡಿದ ಕೈಗೆ ಮಾತ್ರ ಕಾಣದ ಆಕಾಶವನ್ನು ಬರೆಯುವ ಹಕ್ಕು ಬರುತ್ತದೆ.

ನಮ್ಮ ಉಪಗ್ರಹದಲ್ಲಿ ಗ್ರಹಣ ಹೇಗಿರುತ್ತದೆ? ಅದು ಗ್ರಹಕ್ಕೆ ಸದಾ ಒಂದೇ ಮುಖ ತೋರಿಸುತ್ತದೆ, ಹಾಗಾಗಿ ಗ್ರಹ ಅಲ್ಲಿ ಮೂಡುವುದಿಲ್ಲ, ಮುಳುಗುವುದಿಲ್ಲ. ಆಕಾಶದ ಒಂದೇ ಜಾಗದಲ್ಲಿ ನಿಂತು ಬಿದಿಗೆಯಾಗಿ, ಅಷ್ಟಮಿಯಾಗಿ, ಹುಣ್ಣಿಮೆಯಾಗಿ ಬದಲಾಗುತ್ತದೆ. ಯುರೋಪದಂತೆಯೇ ಅಲ್ಲಿ ಒಂದು ದಿನ ಎಂದರೆ ನಮ್ಮ 85 ಗಂಟೆ. ಗ್ರಹ ನೆತ್ತಿಯ ಮೇಲಿರುವ ಊರಿನಲ್ಲಿ ನಿಂತಿದ್ದೀರಿ ಎನ್ನಿ. ಕಕ್ಷೆ ಓರೆಯಾಗಿರದಿದ್ದರೆ ದಿನವೂ ನಡುಮಧ್ಯಾಹ್ನ ಸೂರ್ಯ ಆ ದೈತ್ಯದ ಹಿಂದೆ ಸರಿದು ಸುಮಾರು ಮೂರು ಗಂಟೆ ಮರೆಯಾಗುತ್ತಾನೆ. ಭೂಮಿಯ ಖಗ್ರಾಸದಲ್ಲಿ ದಿಗಂತದ ಸುತ್ತ ಸಂಜೆಗೆಂಪು ಉಳಿಯುತ್ತದೆ, ಏಕೆಂದರೆ ನೆರಳು ಸಣ್ಣದು, ಅದರಾಚೆಯ ಊರುಗಳಲ್ಲಿ ಬಿಸಿಲಿರುತ್ತದೆ. ಇಲ್ಲಿ ಇಡೀ ಉಪಗ್ರಹವೇ ನೆರಳೊಳಗೆ ಹೋಗುವುದರಿಂದ ದಿಗಂತವೂ ಕಪ್ಪು. ಗ್ರಹದ ವಾಯುಮಂಡಲದಲ್ಲಿ ಬಾಗಿ ಬಂದ ಬೆಳಕಿನ ಕೆಂಪು ಉಂಗುರವೊಂದೇ ಮೇಲೆ. ನಡುರಾತ್ರಿಯಲ್ಲಾದರೋ ಗ್ರಹಕ್ಕೆ ಹುಣ್ಣಿಮೆ. ನಮ್ಮ ಬೆಳದಿಂಗಳಿಗೆ ಸಾವಿರ ಪಟ್ಟು ಮೀರಿದ ಬೆಳಕು, ಕುಳಿತು ಪುಸ್ತಕ ಓದಬಹುದು. ನಡುಹಗಲಿಗೆ ಕತ್ತಲು, ನಡುರಾತ್ರಿಗೆ ಬೆಳಕು. ಇದನ್ನು ಯಾವ ಕಲ್ಪನೆಯೂ ತಂದುಕೊಡಲಿಲ್ಲ, ಪಥದ ಲೆಕ್ಕ ತಂದುಕೊಟ್ಟಿತು.

ಪಶ್ಚಿಮಕ್ಕೆ ಎರಡು ಹೆಜ್ಜೆ ಹಾಕಿ ರಿವರ್‌ಸೈಡ್ ಪಾರ್ಕಿನ ಕಟ್ಟೆಗೆ ಒರಗಿ. ಹಡ್ಸನ್ ನದಿಯಾಚೆ ನ್ಯೂಜೆರ್ಸಿ. ಎದುರಿನ ದಡದ ಕಟ್ಟಡಗಳಲ್ಲಿ ಕಿಟಕಿ ಎಣಿಸಬಹುದು. ಉತ್ತರಕ್ಕೆ ಚಾಚಿಕೊಂಡ ಪ್ಯಾಲಿಸೇಡ್ಸ್ ಕಡಿದಾದ ಬಂಡೆಸಾಲು ದೂರವಾದಂತೆ ಕಂದು ಬಣ್ಣ ಬಿಟ್ಟು ಬೂದು, ಬೂದು ಬಿಟ್ಟು ತೆಳುನೀಲಿ. ದೂರ ಎಂಬುದನ್ನು ಕಣ್ಣಿಗೆ ಹೇಳಿಕೊಡುತ್ತಿರುವುದು ನಡುವಿನ ಗಾಳಿ. ನಮ್ಮ ಉಪಗ್ರಹದ ಬೆಟ್ಟಗಳಿಗೂ ಈ ಮಬ್ಬು ಬೇಕು, ಬೇಕೆಂದರೆ ಅಲ್ಲಿ ಗಾಳಿ ನಿಲ್ಲಬೇಕು. 1997ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಲೆಕ್ಕದಂತೆ ಕೋಟ್ಯಂತರ ವರ್ಷ ಗಾಳಿ ಹಿಡಿದಿಡಲು ಉಪಗ್ರಹಕ್ಕೆ ಭೂಮಿಯ ದ್ರವ್ಯರಾಶಿಯ ಶೇಕಡಾ 12ರಷ್ಟಾದರೂ ಇರಬೇಕು. ಸೌರಮಂಡಲದ ಅತಿ ದೊಡ್ಡ ಉಪಗ್ರಹ ಗ್ಯಾನಿಮೀಡ್‌ಗೆ ಇರುವುದು ಶೇಕಡಾ 2.5 ಮಾತ್ರ. ನಮ್ಮದನ್ನು ಮಂಗಳನಿಗಿಂತ ಭಾರ ಮಾಡೋಣ.

ಮತ್ತೆ ಬ್ರಾಡ್‌ವೇ. 112ನೇ ಬೀದಿಯ ಮೂಲೆಯಲ್ಲಿ ಟಾಮ್ಸ್ ರೆಸ್ಟೋರೆಂಟಿನ ನಿಯಾನ್ ಫಲಕ. ಕಾಫಿ ವಾಸನೆ ದಾಟಿ ಮೇಲಿನ ಅಂತಸ್ತುಗಳನ್ನು ನೋಡಿ. ಅರ್ಧ ಶತಮಾನಕ್ಕೂ ಹೆಚ್ಚು ಕಾಲ ನಾಸಾದ ಗೊಡಾರ್ಡ್ ಇನ್‌ಸ್ಟಿಟ್ಯೂಟ್ ಇದ್ದದ್ದು ಅಲ್ಲಿ. ಶುಕ್ರನ ಮೋಡಗಳನ್ನು ಅಧ್ಯಯನ ಮಾಡಲು ಬಂದ ಜೇಮ್ಸ್ ಹ್ಯಾನ್ಸೆನ್ ಭೂಮಿ ಬಿಸಿಯಾಗುತ್ತಿದೆಯೆಂದು ಜಗತ್ತನ್ನು ಎಚ್ಚರಿಸಿದ್ದು ಇಲ್ಲಿಂದಲೇ. 2025ರಲ್ಲಿ ಈ ಕಟ್ಟಡದ ಬಾಡಿಗೆ ಒಪ್ಪಂದವನ್ನು ಕೊನೆಗೊಳಿಸಲಾಯಿತು. ಬೇರೆ ಲೋಕಗಳ ಹವಾಮಾನ ಲೆಕ್ಕ ಹಾಕಿದ ಕೋಣೆಗಳು ಖಾಲಿಯಾದದ್ದು ನನಗೆ ದುಃಖದ ಸಂಗತಿ.

ನ್ಯಾನ್ಸಿ ಕಿಯಾಂಗ್ ಮತ್ತು ಸಂಗಡಿಗರು ಬೇರೆ ನಕ್ಷತ್ರಗಳ ಬೆಳಕಿನಲ್ಲಿ ಎಲೆಯ ಬಣ್ಣ ಏನಾದೀತೆಂದು ವಿಚಾರಿಸಿದ್ದು ಈ ಸಂಸ್ಥೆಯಲ್ಲಿ, 2007ರ ಪ್ರಬಂಧಗಳಲ್ಲಿ. ನಮ್ಮ ಗಿಡಗಳು ಕೆಂಪು, ನೀಲಿ ಬೆಳಕನ್ನು ಹೆಚ್ಚು ಹೀರಿ ಹಸಿರನ್ನು ತುಸು ಬಿಟ್ಟುಕೊಡುತ್ತವೆ. ಮಂದವಾದ ಕೆಂಪು ಕುಬ್ಜ ನಕ್ಷತ್ರದ ಬಳಿ ಅಂಥ ಧಾರಾಳ ಸಾಧ್ಯವಿಲ್ಲ. ಸಿಕ್ಕ ಬೆಳಕನ್ನೆಲ್ಲ ಹೀರುವ ಎಲೆ ಕಪ್ಪಾಗಿಯೇ ಕಾಣಬಹುದು. ಹೆಸರು ಕೆಂಪು ಕುಬ್ಜ ಎಂದಿದ್ದರೂ ಅಲ್ಲಿನ ಹಗಲು ರಕ್ತಗೆಂಪಲ್ಲ. ಅಂಥದೊಂದು ಕುಬ್ಜ ನಕ್ಷತ್ರ ಪ್ರಾಕ್ಸಿಮಾದ ಮೇಲ್ಮೈ ಸುಮಾರು 3,000 ಕೆಲ್ವಿನ್, ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಟಂಗ್‌ಸ್ಟನ್ ತಂತಿಯ ಹಳದಿ ಬಲ್ಬಿನ ಬಿಸಿಗೆ ಹತ್ತಿರ. ನಾವು ಸೂರ್ಯನಿಗಿಂತ ಕೊಂಚ ತಣ್ಣಗಿನ ಕಿತ್ತಳೆ ನಕ್ಷತ್ರವನ್ನು ಆರಿಸೋಣ, ಎಲೆಗಳಿಗೆ ಕಡುಹಸಿರು ಕೊಡೋಣ. ದೈತ್ಯ ಗ್ರಹಕ್ಕೆ ಗುರುವಿನ ಕಂದು ಪಟ್ಟೆಗಳು ಬೇಡ. ನೀರು ದ್ರವವಾಗಿ ನಿಲ್ಲುವಷ್ಟು ಬೆಚ್ಚಗಿನ ಕಕ್ಷೆಯಲ್ಲಿ ಅದರ ಮೇಲೂ ನೀರಿನ ಮೋಡ ಕವಿದು, ಅದು ಬೆಳ್ಳಗೆ ಹೊಳೆಯುತ್ತದೆ.

120ನೇ ಬೀದಿ. ಕೊಲಂಬಿಯಾದ ಪ್ಯೂಪಿನ್ ಹಾಲ್, ಮಾಳಿಗೆಯ ಮೇಲೆ ದೂರದರ್ಶಕದ ಗುಮ್ಮಟ. ಈ ವಿಶ್ವವಿದ್ಯಾಲಯದ ಡೇವಿಡ್ ಕಿಪ್ಪಿಂಗ್ ಮತ್ತು ಅಲೆಕ್ಸ್ ಟೀಚೀ 2017ರ ಅಕ್ಟೋಬರಿನಲ್ಲಿ ಹಬಲ್ ದೂರದರ್ಶಕವನ್ನು 40 ಗಂಟೆ ಒಂದೇ ನಕ್ಷತ್ರದ ಮೇಲೆ ನಿಲ್ಲಿಸಿದರು. ಕೆಪ್ಲರ್-1625ಬಿ ಗ್ರಹ ನಕ್ಷತ್ರದ ಮುಂದೆ ಬಂದದ್ದು ನಿರೀಕ್ಷೆಗಿಂತ ಸುಮಾರು 78 ನಿಮಿಷ ಮೊದಲು, ಅದು ದಾಟಿದ ಮೇಲೆ ಬೆಳಕು ಇನ್ನೊಮ್ಮೆ ತುಸು ತಗ್ಗಿದಂತೆ ಕಂಡಿತು. ನೆಪ್ಚೂನ್ ಗಾತ್ರದ ಉಪಗ್ರಹ ಇರಬಹುದೆಂದು 2018ರಲ್ಲಿ ಪ್ರಕಟಿಸಿದರು, 2022ರಲ್ಲಿ ಕೆಪ್ಲರ್-1708ಬಿ ಸುತ್ತ ಇನ್ನೊಂದನ್ನು. 2023ರಲ್ಲಿ ಬೇರೆ ತಂಡವೊಂದು ಎರಡನ್ನೂ ಒಪ್ಪಲಿಲ್ಲ. ಸೌರಮಂಡಲದಾಚೆ ಒಂದೇ ಒಂದು ಉಪಗ್ರಹವೂ ಇನ್ನೂ ಖಚಿತವಾಗಿಲ್ಲ.

ಹಾಗಾಗಿ ನಿಮ್ಮ ಪುಸ್ತಕದ ಈ ಪುಟಕ್ಕೆ ಬೆಲೆ ಇದೆ. ಮುಷ್ಟಿಗಿಂತ ತುಸು ದೊಡ್ಡ ಬಿಳಿ ಗ್ರಹ, ಆಕಾಶದ ನೀಲಿಯಲ್ಲಿ ಮುಳುಗಿದ ಅದರ ಕತ್ತಲ ಮಗ್ಗುಲು, ಒಂದೇ ಸೂರ್ಯನಿಗೆ ಒಪ್ಪಿದ ನೆರಳುಗಳು, ಮಬ್ಬಿನಲ್ಲಿ ಹಿಂದೆ ಸರಿಯುವ ಬೆಟ್ಟ, ಕಡುಹಸಿರು ದಡ. ನಾಳೆ ಯಾವುದೋ ದೂರದರ್ಶಕ ಇದನ್ನು ತಪ್ಪೆಂದು ತೋರಿಸಿದರೆ, ಯಾವ ಗೆರೆ ತಪ್ಪು, ಏಕೆ ತಪ್ಪು ಎಂದು ಬೆರಳಿಟ್ಟು ಹೇಳಬಹುದು. ಚೆಂದಕ್ಕಾಗಿ ಬಣ್ಣ ಚೆಲ್ಲಿದ ಚಿತ್ರಕ್ಕೆ ಆ ಗೌರವ ಸಿಗುವುದಿಲ್ಲ.

ನಿಮ್ಮ ಮನೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿರಲಿ, ಹಾಸನದಲ್ಲಿರಲಿ, ಮಕ್ಕಳು ಅನ್ಯಗ್ರಹ ಬರೆಯುತ್ತೇವೆ ಎಂದು ಬಣ್ಣದ ಡಬ್ಬಿ ತೆರೆದಾಗ ಪಕ್ಕದಲ್ಲಿ ಕುಳಿತು ಮೂರೇ ಪ್ರಶ್ನೆ ಕೇಳಿ: ಬೆಳಕು ಯಾವ ಕಡೆಯಿಂದ ಬರುತ್ತಿದೆ, ಅಲ್ಲಿ ಗಾಳಿ ಇದೆಯೇ, ಆಕಾಶದಲ್ಲಿರುವುದು ಎಷ್ಟು ದೂರದಲ್ಲಿದೆ? ಉತ್ತರ ಹುಡುಕಲು ಅವರನ್ನು ಮೊದಲು ಹೊರಗೆ ಕರೆದುಕೊಂಡು ಹೋಗಿ, ಹಗಲಿನ ಚಂದ್ರನನ್ನು ತೋರಿಸಿ.